ಬಿಸಿ ಎಂಜಿನ್ನಿನ ಮಿಸ್ಸಿಂಗ್: ಬಿಡಿಭಾಗ ಬದಲಿಸುವ ಮೊದಲು ಪರೀಕ್ಷೆ ನಡೆಯಲಿ

ಮಾನ್ಯ ಸಂಪಾದಕರೇ,

ಬೆಳಿಗ್ಗೆ ಚಾಲೂ ಮಾಡಿದಾಗ ಯಾವ ತಕರಾರೂ ಇಲ್ಲದೆ ಓಡುವ ಪೆಟ್ರೋಲ್ ಕಾರು ಹತ್ತಿಪ್ಪತ್ತು ಕಿಲೋಮೀಟರ್ ಸಾಗಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಅದರಲ್ಲೂ ಏರು ಹತ್ತುವಾಗ, ಆಗೊಮ್ಮೆ ಈಗೊಮ್ಮೆ ಮಿಸ್ಸಿಂಗ್ ಹೊಡೆಯುತ್ತದೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಎಂಜಿನ್ ತಡವರಿಸುತ್ತದೆ; ಗ್ಯಾರೇಜಿಗೆ ಒಯ್ದು ನಿಲ್ಲಿಸಿ ಸರದಿ ಬರುವಷ್ಟರಲ್ಲಿ ತಣ್ಣಗಾಗಿ ಮತ್ತೆ ಸರಿಹೋಗುತ್ತದೆ. ಈ ಒಂದು ದೋಷದ ಹೆಸರಿನಲ್ಲಿ ಎಷ್ಟೋ ಒಳ್ಳೆಯ ಬಿಡಿಭಾಗಗಳು ಗುಜರಿ ಸೇರುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ನಾನು ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು.

ನಮ್ಮ ನೆರೆಮನೆಯವರ ನಾಲ್ಕು ಸಿಲಿಂಡರಿನ ಕಾರು ಮಂಗಳೂರಿನಿಂದ ಬರುವಾಗ ಶಿರಾಡಿ ಘಾಟಿಯ ಏರಿನಲ್ಲಿ ಜರ್ಕ್ ಹೊಡೆಯಲಾರಂಭಿಸಿತು. ಗ್ಯಾರೇಜಿನಲ್ಲಿ ಮೊದಲು ನಾಲ್ಕೂ ಪ್ಲಗ್ ಬದಲಾದವು, ಮುಂದಿನ ಸಲ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನಿಂಗ್ ಆಯಿತು, ಆಮೇಲೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪನ್ನೇ ಹೊಸದಾಗಿ ಹಾಕಿದರು. ಪ್ರತಿ ಸಲವೂ ಬೀದಿಯಲ್ಲಿ ಒಂದು ಸುತ್ತು ಓಡಿಸಿ ‘ಸರಿಯಾಗಿದೆ’ ಎಂದು ಕೀಲಿ ಕೊಟ್ಟರು. ಸಮತಟ್ಟಾದ ಬೀದಿಯಲ್ಲಿ ಅರೆಬಿಸಿ ಎಂಜಿನ್ ಸರಿಯಾಗಿಯೇ ಓಡುತ್ತದೆ. ಅಲ್ಲಿ ದೋಷ ಹುಡುಕುವುದೆಂದರೆ ರಾತ್ರಿ ಮಾತ್ರ ಜ್ವರ ಬರುವ ರೋಗಿಯನ್ನು ಹಗಲು ಮುಟ್ಟಿ ನೋಡಿ ಗುಣವಾಗಿದೆ ಎಂದಂತೆ. ಅದಕ್ಕಿಂತ ನನಗೆ ಹೆಚ್ಚು ಬೇಸರ ತಂದದ್ದು ಇನ್ನೊಂದು ಸಂಗತಿ: ಕೆಲಸ ಶುರು ಮಾಡುವ ಮೊದಲೇ ಬ್ಯಾಟರಿಯ ವೈರ್ ಕಳಚಿ ‘ರೀಸೆಟ್’ ಮಾಡಿದ್ದರು. ಎಂಜಿನ್ನಿನ ಕಂಪ್ಯೂಟರು ದಾಖಲಿಸಿಟ್ಟುಕೊಂಡಿದ್ದ ಸಾಕ್ಷ್ಯವೆಲ್ಲ ಅದರೊಂದಿಗೆ ಅಳಿಸಿಹೋಗಿತ್ತು.

ಆ ಸಾಕ್ಷ್ಯದ ಬೆಲೆ ದೊಡ್ಡದು. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದಾಗ ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ವೇಗ ಆ ಕ್ಷಣಕ್ಕೆ ತುಸು ಕುಗ್ಗುತ್ತದೆ. ಕ್ರ್ಯಾಂಕ್ ಸೆನ್ಸರ್ ಅದನ್ನು ಗುರುತಿಸಿ ಯಾವ ಸಿಲಿಂಡರ್ ಎಂಬುದನ್ನೂ ಹೇಳುತ್ತದೆ. ಕಂಪ್ಯೂಟರು ದಾಖಲಿಸುವ ದೋಷ ಸಂಕೇತ ಪಿ0301 ಎಂದರೆ ಒಂದನೆಯದು, ಪಿ0303 ಎಂದರೆ ಮೂರನೆಯದು. ಒಂದೇ ಎಂದು ಬೆರಳಿಡಲಾಗದೆ ಅಲ್ಲಲ್ಲಿ ತಪ್ಪುತ್ತಿದ್ದರೆ ಪಿ0300. ಇದರ ಜೊತೆಗೆ ‘ಫ್ರೀಜ್ ಫ್ರೇಮ್’ ಎಂಬ ದಾಖಲೆಯಲ್ಲಿ ದೋಷ ಕಂಡ ಗಳಿಗೆಯ ಕೂಲಂಟ್ (ಎಂಜಿನ್ ತಣಿಸುವ ದ್ರವ) ತಾಪಮಾನ, ಎಂಜಿನ್ ವೇಗ ಮತ್ತು ಅದರ ಮೇಲಿದ್ದ ಹೊರೆ ಉಳಿದಿರುತ್ತವೆ. ಮೆಕ್ಯಾನಿಕ್ ಮೊದಲು ಓದಬೇಕಾದದ್ದು ಇದನ್ನು. ಆ ಕಾರನ್ನು ಮತ್ತೆ ಘಾಟಿಯ ಏರಿನಲ್ಲಿ, ಎಂಜಿನ್ ಕಂಪ್ಯೂಟರಿನ ದಾಖಲೆ ಓದುವ ಸ್ಕ್ಯಾನರ್ ಜೋಡಿಸಿಕೊಂಡೇ ಓಡಿಸಿದಾಗ, ಕೂಲಂಟ್ 90 ಡಿಗ್ರಿ ದಾಟಿದ ಮೇಲೆ ಮೂರನೆಯ ಸಿಲಿಂಡರಿನ ಮಿಸ್ಸಿಂಗ್ ಎಣಿಕೆ ಮಾತ್ರ ಏರತೊಡಗಿತು. ಅದರ ಪ್ಲಗ್ಗಿಗೆ ಕಿಡಿಯ ವಿದ್ಯುತ್ತು ಕೊಡುವ ಇಗ್ನಿಷನ್ ಕಾಯಿಲನ್ನು ಬಿಚ್ಚಿ ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ ಹಾಕಿ ಮತ್ತೆ ಅದೇ ಏರು ಹತ್ತಿಸಿದಾಗ ಸಂಕೇತ ಪಿ0303ರಿಂದ ಪಿ0302ಕ್ಕೆ ಹೋಯಿತು. ಅಲ್ಲಿಗೆ ಮಾತು ಮುಗಿಯಿತು: ಕೆಟ್ಟದ್ದು ಕಾಯಿಲ್. ಈ ಅದಲುಬದಲಿಗೆ ಬೇಕಾದದ್ದು ಒಂದು ಸ್ಪ್ಯಾನರ್ ಮತ್ತು ತಾಳ್ಮೆ. ಸಂಕೇತ ಕದಲದಿದ್ದರೆ ಪ್ಲಗ್ಗನ್ನು, ಆಮೇಲೆ ಇಂಜೆಕ್ಟರನ್ನು ಹೀಗೆಯೇ ಅದಲುಬದಲು ಮಾಡಿ ನೋಡಬೇಕು.

ತಣ್ಣಗಿರುವಾಗ ಕೆಲಸ ಮಾಡುವ ಕಾಯಿಲ್ ಬಿಸಿಯಾದಾಗ ಏಕೆ ಕೈಕೊಡುತ್ತದೆ ಎಂದು ಅನೇಕರು ಕೇಳುತ್ತಾರೆ. ಬ್ಯಾಟರಿಯ 12 ವೋಲ್ಟನ್ನು 20,000 ವೋಲ್ಟಿಗೂ ಮೇಲಕ್ಕೆ ಏರಿಸಲು ಕಾಯಿಲಿನೊಳಗೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ತಾಪ 100 ಡಿಗ್ರಿಯಷ್ಟು ಏರಿದರೆ ತಾಮ್ರದ ರೋಧ ಸುಮಾರು ಶೇ 40ರಷ್ಟು ಹೆಚ್ಚುತ್ತದೆ. ಒಳ್ಳೆಯ ಕಾಯಿಲ್ ಇದನ್ನು ತಾಳಿಕೊಳ್ಳುತ್ತದೆ. ಆದರೆ ಹಳೆಯದರಲ್ಲಿ ವಿದ್ಯುತ್ ನಿರೋಧಕ ಲೇಪ ಸವೆದು ಸೂಕ್ಷ್ಮ ಬಿರುಕು ಬಿಟ್ಟಿದ್ದರೆ ಬಿಸಿಗೆ ಹಿಗ್ಗಿ ಅದು ಬಾಯ್ದೆರೆಯುತ್ತದೆ, ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನ ಒತ್ತಡ ಹೆಚ್ಚಿ ಕಿಡಿ ಹಾರಲು ಇನ್ನೂ ಹೆಚ್ಚಿನ ವೋಲ್ಟೇಜು ಬೇಕಾಗುವುದರಿಂದ, ವಿದ್ಯುತ್ತು ಪ್ಲಗ್ಗಿನ ಸಂದು ಹಾರುವ ಬದಲು ಆ ಬಿರುಕಿನ ದಾರಿ ಹಿಡಿಯುತ್ತದೆ. ಆ ಕಾರಿನ ಕಾಯಿಲನ್ನು ಕಳಚಿ ಬೆಳಕಿಗೆ ಹಿಡಿದಾಗ ಅದನ್ನು ಪ್ಲಗ್ಗಿಗೆ ಸೇರಿಸುವ ರಬ್ಬರ್ ಬೂಟಿನ ಒಳಮೈಯಲ್ಲಿ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆಯೊಂದು ಕಾಣಿಸಿತು. ಪ್ಲಗ್ಗಿನ ಪಿಂಗಾಣಿಯ ಮೇಲೂ ಅದರ ಗುರುತಿತ್ತು. ಪ್ಲಗ್ ಬದಲಿಸಿದವರು ಬೂಟಿನೊಳಗೆ ಒಮ್ಮೆ ಟಾರ್ಚ್ ಹಾಯಿಸಿದ್ದರೆ ಸಾಕಿತ್ತು.

ಪಂಪ್ ಏಕೆ ಬದಲಾಯಿತು ಎಂಬುದಕ್ಕೂ ಕಾರಣವಿದೆ. ಕಿಡಿ ಇಲ್ಲದ ಸಿಲಿಂಡರಿನಿಂದ ಉರಿಯದ ಪೆಟ್ರೋಲಿನೊಡನೆ ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ. ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರಿಗೆ ಅರ್ಥವಾಗುವುದು ಆಮ್ಲಜನಕ ಮಾತ್ರ. ಅದು ‘ಪೆಟ್ರೋಲ್ ಸಾಲದು’ ಎಂದು ವರದಿ ಮಾಡುತ್ತದೆ, ಕಂಪ್ಯೂಟರು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಸ್ಕ್ಯಾನರಿನಲ್ಲಿ ‘ಲೀನ್’ ಎಂಬುದನ್ನು ಕಂಡ ಮೆಕ್ಯಾನಿಕ್ ಪಂಪಿನ ಮೇಲೆ ಗುಮಾನಿ ಪಡುತ್ತಾನೆ. ಈಚೆಗಂತೂ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನೇ ಎಲ್ಲದಕ್ಕೂ ಹೊಣೆ ಮಾಡುವುದು ರೂಢಿಯಾಗಿದೆ. ಹಳೆಯ ವಾಹನಗಳ ವಿಚಾರದಲ್ಲಿ ಅದರ ಚರ್ಚೆ ಬೇರೆಯೇ ನಡೆಯಲಿ. ಆದರೆ ಇಂಧನದ ದೋಷ ಸಾಮಾನ್ಯವಾಗಿ ಎಲ್ಲ ಸಿಲಿಂಡರುಗಳನ್ನೂ ಕಾಡುತ್ತದೆಯೇ ಹೊರತು ಮತ್ತೆ ಮತ್ತೆ ಒಂದನ್ನೇ ಹುಡುಕಿಕೊಂಡು ಹೋಗುವುದಿಲ್ಲ.

ಬಿಸಿಯಾದಾಗಿನ ಎಲ್ಲ ಮಿಸ್ಸಿಂಗಿಗೂ ಕಾಯಿಲೇ ಕಾರಣವೆಂದು ನಾನು ಹೇಳುತ್ತಿಲ್ಲ. ಕ್ರ್ಯಾಂಕ್ ಸೆನ್ಸರ್ ಸೋತಿದ್ದರೆ ಎಂಜಿನ್ ಪೂರ್ತಿ ಬಂದ್ ಆಗಿ, ತಣಿದ ಮೇಲೆ ಮತ್ತೆ ಚಾಲೂ ಆಗಬಹುದು. ಸಿಎನ್‌ಜಿಯಲ್ಲಿ ಬಹಳ ಓಡಿದ ಗಾಡಿಗಳಲ್ಲಿ ವಾಲ್ವ್ ಸೀಟ್ ಸವೆದು ಬಿಸಿಯಲ್ಲಿ ವಾಲ್ವ್ ಸರಿಯಾಗಿ ಕೂರದೆ ಕಂಪ್ರೆಷನ್ ಸೋರುವುದುಂಟು. ಅದನ್ನೂ ಎಂಜಿನ್ ಬಿಸಿಯಿರುವಾಗಲೇ ಅಳೆಯಬೇಕು.

ವಾಹನ ಮಾಲೀಕರು ತಿಳಿಯಲೇಬೇಕಾದ ಒಂದು ಮಾತಿದೆ. ಚೆಕ್ ಎಂಜಿನ್ ದೀಪ ಸುಮ್ಮನೆ ಬೆಳಗುವುದಕ್ಕೂ ಮಿನುಗುವುದಕ್ಕೂ ವ್ಯತ್ಯಾಸವಿದೆ. ಮಿನುಗುತ್ತಿದ್ದರೆ ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತಿದೆ ಎಂದರ್ಥ. ಹಾಗೆಯೇ ಓಡಿಸಿದರೆ ಪಲೇಡಿಯಂ, ರೋಡಿಯಂನಂಥ ದುಬಾರಿ ಲೋಹ ಲೇಪಿಸಿದ ಅದರ ಜೇನುಗೂಡಿನಂಥ ಒಳಭಾಗ ಕರಗಬಹುದು. ಆಗ ಬರುವ ಬಿಲ್ಲಿನ ಮುಂದೆ ಒಂದು ಕಾಯಿಲಿನ ಬೆಲೆ ಏನೇನೂ ಅಲ್ಲ. ಆಕ್ಸಿಲರೇಟರ್ ಸಡಿಲಿಸಿ, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸುವುದೇ ಸರಿ.

ಮೆಕ್ಯಾನಿಕ್‌ಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಬಿಡಿಭಾಗಕ್ಕೆ ಸಾವಿರಾರು ರೂಪಾಯಿ ಕೊಡುವ ನಾವು, ಒಬ್ಬ ಮೆಕ್ಯಾನಿಕ್ ಎರಡು ಗಂಟೆ ಘಾಟಿ ಹತ್ತಿಳಿದು ದೋಷ ಪತ್ತೆ ಮಾಡಿದರೆ ‘ಬರೀ ನೋಡಿದ್ದಕ್ಕೆ ದುಡ್ಡೇ?’ ಎನ್ನುತ್ತೇವೆ. ಪತ್ತೆಯ ಕೆಲಸಕ್ಕೆ ಕೂಲಿ ಸಿಗದಿದ್ದರೆ ಆತ ಪೆಟ್ಟಿಗೆಯಲ್ಲಿರುವ ಬಿಡಿಭಾಗವನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಆದ್ದರಿಂದ ಪರೀಕ್ಷೆಯ ಶುಲ್ಕವನ್ನು ಬೇರೆಯಾಗಿ ಕೊಡೋಣ. ಪ್ರತಿಯಾಗಿ ಬಿಲ್ಲಿನಲ್ಲಿ ಸಂಕೇತದ ಸಂಖ್ಯೆ, ಎಷ್ಟು ತಾಪಮಾನದಲ್ಲಿ ಕಂಡುಬಂತು, ಯಾವ ಪರೀಕ್ಷೆಯಿಂದ ಖಚಿತವಾಯಿತು ಎಂಬುದನ್ನು ಬರೆಸಿಕೊಂಡು, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯೋಣ.

ಗ್ಯಾರೇಜಿನವರಲ್ಲಿ ಒಂದು ಕೋರಿಕೆ. ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್ ಸಿಕ್ಕರೆ ಎಸೆಯದೆ ಹತ್ತಿರದ ಐಟಿಐಗೆ ಕೊಡಿ. ಮಕ್ಕಳು ಒಳ್ಳೆಯ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಚೆನ್ನಾಗಿ ಕಲಿಯುತ್ತಾರೆ. ಅಡಗಿರುವ ದೋಷವನ್ನು ಹುಡುಕಲು ಅವರಿಗೆ ದೋಷವಿರುವ ಭಾಗವೇ ಬೇಕು, ಅದು ಅಂಗಡಿಯಲ್ಲಿ ಸಿಗುವುದಿಲ್ಲ.

– ನಿವೃತ್ತ ಐಟಿಐ ಬೋಧಕ, ಸಕಲೇಶಪುರ