ಕಾಂಡ್ಲಾ ಕಾಡಿಗೆ ಪ್ರವಾಸ: 9ನೇ ತರಗತಿ ಪೋಷಕರಿಗೆ ಪತ್ರ

ದಾವಣಗೆರೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ಸಲದ ಪ್ರವಾಸ ಹೊನ್ನಾವರಕ್ಕೆ, ಶರಾವತಿ ಅಳಿವೆಯ (ನದಿ ಕಡಲು ಸೇರುವ ಜಾಗದ) ಕಾಂಡ್ಲಾ ಕಾಡಿಗೆ. ಕಾಂಡ್ಲಾ ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳು. "ನಮ್ಮ ಬಯಲುಸೀಮೆ ಮಕ್ಕಳಿಗೆ ಉಪ್ಪುನೀರಿನ ಗಿಡ ಯಾಕೆ ಮೇಡಂ?" ಎಂದು ಕೆಲವರು ಕೇಳಿದ್ದೀರಿ. ಹರಿಹರದಲ್ಲಿ ನಾವು ನೋಡುವ ತುಂಗಭದ್ರೆ ಕೃಷ್ಣೆಯನ್ನು ಸೇರಿ ಆಂಧ್ರದ ಕಡಲಿಗೆ ಹೋಗುತ್ತಾಳೆ. ಅಲ್ಲಿ ಕೃಷ್ಣೆ ಸಮುದ್ರ ಸೇರುವ ಕಡೆಯೂ ಕಾಂಡ್ಲಾ ಕಾಡಿದೆ. ಹೊಳೆಯ ಇನ್ನೊಂದು ತುದಿ ಹೇಗಿರುತ್ತದೆ ಅಂತ ನಮ್ಮ ಮಕ್ಕಳೂ ನೋಡಬೇಕು ಅಲ್ವಾ? ಹೊನ್ನಾವರ ನಮಗೆ ಹತ್ತಿರ, ಅಷ್ಟೇ. ಪಕ್ಕದ ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ) ಸೇರಿದೆ.

ಕಾಂಡ್ಲಾದಲ್ಲಿ ಹಲವು ಜಾತಿಗಳಿವೆ. ರೈಜೋಫೊರಾ ಜಾತಿಯ ಬೀಜ ಮರದ ಮೇಲೇ ಮೊಳೆಯುತ್ತದೆ. ಮೊಳಕೆ ನುಗ್ಗೆಕಾಯಿಯಂತೆ ಕೊಂಬೆಯಲ್ಲಿ ನೇತಾಡುತ್ತದೆ. ಬಲಿತ ಮೇಲೆ ಕಳಚಿ ಕೆಸರಿಗೆ ಬೀಳುತ್ತದೆ, ಇಲ್ಲವೇ ತೇಲಿ ಹೋಗಿ ಬೇರೆಲ್ಲೋ ಬೇರು ಬಿಡುತ್ತದೆ. ಆ ಬೇರುಗಳ ಸಂದಿಯಲ್ಲೇ ಮೀನು, ಸಿಗಡಿ, ಏಡಿಗಳ ಮರಿ ಬೆಳೆಯುವುದು. ಮೀನುಗಾರರ ಮನೆ ನಡೆಯುವುದರಲ್ಲಿ ಈ ಕಾಡಿನ ಪಾಲು ದೊಡ್ಡದು.

ಸುಮ್ನೆ ಗಿಡ ನೆಟ್ಟು ಫೋಟೊ ತೆಗೆಸಿಕೊಂಡು ಬರುವುದು ನನಗೆ ಬೇಡ. ಕಾಂಡ್ಲಾಕ್ಕೆ ಜಾಗ ಬಹಳ ಮುಖ್ಯ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಕೆಸರೇ ಆಗಬೇಕು. ಸದಾ ನೀರು ನಿಂತಲ್ಲಿ ಸಸಿ ಸಾಯುತ್ತದೆ. ಅಲೆ ಹೊಡೆಯುವ ಮರಳಲ್ಲಿ ನಿಲ್ಲುವುದೇ ಇಲ್ಲ. ಅದಕ್ಕೇ ಅರಣ್ಯ ಇಲಾಖೆಯವರು ತೋರಿಸಿದ ಕಡೆ ಮಾತ್ರ, ಕೆಲವೇ ಸಸಿ ನೆಡುತ್ತೇವೆ. ಜಾಸ್ತಿ ಹೊತ್ತು ಹಿಂದಿನ ವರ್ಷಗಳ ಸಸಿಗಳ ಆರೈಕೆಗೆ. ಎಳೆಯ ಕಾಂಡಕ್ಕೆ ಪ್ಲಾಸ್ಟಿಕ್ ಚೀಲ, ಹರಿದ ಬಲೆ ಸುತ್ತಿಕೊಂಡರೆ ಪ್ರತಿ ಉಬ್ಬರವೂ ಸಸಿಯನ್ನು ಎಳೆಯುತ್ತದೆ. ಅದನ್ನು ನಿಧಾನವಾಗಿ, ಬೇರು ಅಲುಗದಂತೆ ಬಿಡಿಸಬೇಕು. ಕೆಲವು ಜಾತಿಗಳ ಬೇರು ಉಸಿರಾಡಲು ಕೆಸರಿನಿಂದ ಮೇಲೆದ್ದಿರುತ್ತದೆ. ಅವನ್ನು ತುಳಿಯಬಾರದು ಎಂದು ಮನೆಯಲ್ಲಿ ನೀವೂ ಒಂದು ಮಾತು ಹೇಳಿ.

ಇಳಿತದ ಹೊತ್ತಲ್ಲಿ, ಶಿಕ್ಷಕರ ಜೊತೆಯಲ್ಲೇ ಮಕ್ಕಳು ಕೆಸರಿಗೆ ಇಳಿಯುತ್ತಾರೆ. ಚಪ್ಪಲಿ ಕೆಸರಲ್ಲಿ ನಿಲ್ಲುವುದಿಲ್ಲ, ಹಳೆಯ ಶೂ ಕೊಡಿ. ಒಂದು ಜೊತೆ ಬಟ್ಟೆ, ಟೋಪಿ, ಸ್ಟೀಲ್ ಬಾಟಲಿ ಇರಲಿ. ಚಿಪ್ಸ್ ಪ್ಯಾಕೆಟ್ ಬೇಡ, ಡಬ್ಬಿಯಲ್ಲಿ ಮಂಡಕ್ಕಿ ಕಟ್ಟಿಕೊಡಿ. ಗೇರುಸೊಪ್ಪ ಘಟ್ಟದಲ್ಲಿ ತಿರುವು ಜಾಸ್ತಿ. ವಾಂತಿ ಆಗುವ ಮಕ್ಕಳಿದ್ದರೆ ಮೊದಲೇ ತಿಳಿಸಿ. ಕಾಲಲ್ಲಿ ಗಾಯ ಇದ್ದರೂ ಹೇಳಿ. ಅಂಥವರಿಗೆ ದಡದ ಮೇಲೇ ಕೆಲಸ ಕೊಡುತ್ತೇವೆ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಶನಿವಾರದೊಳಗೆ ಕ್ಲಾಸ್ ಟೀಚರ್ ಕೈಗೆ ತಲುಪಿಸಿ. ಜೊತೆಗೆ ಬರಲು ಇಷ್ಟವಿರುವ ತಂದೆತಾಯಂದಿರು ಹೆಸರು ಕೊಡಿ. ಬಸ್ಸಿನಲ್ಲಿ ಜಾಗವಿದೆ.

ನಿಮ್ಮ,
ಮುಖ್ಯೋಪಾಧ್ಯಾಯಿನಿ