ಹುಬ್ಬಳ್ಳಿಯ ತಮಟೆಗೆ, ಬೆಂಗಳೂರಿನಿಂದ

ಪ್ರೀತಿಯ ತಮಟೆ,

'ಹೊಸ ಹಾಡು ಏನಾದ್ರೂ ಇದ್ರೆ ಕಳ್ಸೋ, ಇಲ್ಲಿ ಕಿವಿ ಒಣಗಿಹೋಗಿದೆ' ಅಂತ ನೀನು ಬರೆದಿದ್ದೆ. ಒಂದೊಂದೇ ಲಿಂಕ್ ಕಳಿಸಿದರೆ ನೀನು ಒಂದು ಹಾರ್ಟ್ ಒತ್ತಿ ಸುಮ್ಮನಾಗುತ್ತೀಯ. ಕೇಳಿದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಅದಕ್ಕೇ ಈ ಸಲ ಪತ್ರ. ಎಲ್ಲರ ಎದುರಿಗೇ ಹಾಕುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕಾರು ಜನ ಕೇಳಿದ್ದಾರೆ, ಅವರೂ ಓದಲಿ. ನೀಲಿ ಬಕೆಟ್ ವಿಷಯ ಎತ್ತಲ್ಲ, ಹೆದರಬೇಡ.

ಮೊದಲು ಪರ್ವಾಜ್. ಹೆಡ್‌ಫೋನ್ ಹಾಕಿಕೊಂಡು ಕೇಳು, ಫೋನಿನ ಸ್ಪೀಕರ್‌ನಲ್ಲಿ ಬೇಡ. ಕಾಶ್ಮೀರದ ಇಬ್ಬರು ಗೆಳೆಯರು, ಖಾಲಿದ್ ಅಹಮದ್ ಮತ್ತು ಕಾಶಿಫ್ ಇಕ್ಬಾಲ್, ಬೆಂಗಳೂರಿಗೆ ಬಂದು 2010ರಲ್ಲಿ ಕಟ್ಟಿದ ಬ್ಯಾಂಡ್. ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡುತ್ತಾರೆ. 2014ರ 'ಬಾರಾನ್' ಆಲ್ಬಮ್ಮಿನಿಂದ ಶುರು ಮಾಡು, ಆಮೇಲೆ 2019ರ 'ಕುನ್'. ಹಾಡುಗಳು ಉದ್ದ ಇವೆ. ಅರ್ಧಕ್ಕೆ ಬಿಡಬೇಡ. ಮೊದಲು ಗಿಟಾರ್ ಒಂದೇ ಮಾತಾಡುತ್ತಿರುತ್ತದೆ, ಖಾಲಿದ್ ದನಿ ಬರುವ ಹೊತ್ತಿಗೆ ನೀನು ಕೂತ ಜಾಗ ಮರೆತಿರುತ್ತೀಯ. ನನಗೆ ಕಾಶ್ಮೀರಿಯ ಒಂದು ಪದವೂ ಬರುವುದಿಲ್ಲ. ಆದರೂ ಆ ದನಿ ಮೇಲೇರಿದಾಗ ಗಂಟಲು ಕಟ್ಟುತ್ತದೆ.

ಆಮೇಲೆ ಅಗಂ. 2003ರಲ್ಲಿ ಶುರುವಾದವರು. ತ್ಯಾಗರಾಜರ ಕೃತಿಗೆ ಡ್ರಮ್ಸು, ಡಿಸ್ಟಾರ್ಷನ್ ಗಿಟಾರ್ ಸೇರಿಸಿದರೆ ರಾಗ ಕೆಡುತ್ತದೆ ಅನ್ನುವವರಿಗೆ ಇವರನ್ನು ಕೇಳಿಸಬೇಕು. ನಿಮ್ಮ ಮಾವನಿಗೂ ಕೇಳಿಸು. ಇವರಲ್ಲಿ ಎಷ್ಟೋ ಜನ ಹಗಲು ಆಫೀಸಿನ ಕೆಲಸ ಮಾಡಿಕೊಂಡೇ ಬ್ಯಾಂಡ್ ಬೆಳೆಸಿದವರು. ಬ್ಯಾಂಕಿನಲ್ಲಿ ಟೈಮಿಲ್ಲ ಅಂತೀಯಲ್ಲ, ಅದಕ್ಕೇ ಹೇಳಿದೆ.

ಇವರೆಲ್ಲ ಹೊಸಬರೇನಲ್ಲ, ಗೊತ್ತು. ಆದರೆ ನೀನು ಊರು ಬಿಟ್ಟ ಮೇಲೆ ಇವರನ್ನು ಕೂತು ಕೇಳಿಲ್ಲ ಅಲ್ವಾ? ನಿನಗೆ ಹೊಸಬರೇ.

ಇನ್ನು ಹೊಸಬರನ್ನು ಹುಡುಕುವುದು ಹೇಗೆ ಅಂತ ಕೇಳಿದ್ದೆ. ಆಪ್ ಕೊಡುವ ಪಟ್ಟಿಯನ್ನು ಜಾಸ್ತಿ ನಂಬಬೇಡ. ಸ್ಪಾಟಿಫೈ ಸೋಮವಾರಕ್ಕೊಮ್ಮೆ 30 ಹಾಡು ಜೋಡಿಸಿ ಕೊಡುತ್ತದೆ. ನಾವು ಈಗಾಗಲೇ ಕೇಳಿದ್ದನ್ನೇ ನೋಡಿ, ಅದರ ಅಕ್ಕಪಕ್ಕದ್ದನ್ನು ಹೆಕ್ಕಿರುತ್ತದೆ. ಪಕ್ಕದ ಬೀದಿಯ ಹುಡುಗರು ಮೊನ್ನೆ ಹಾಕಿದ ಹಾಡು ಅದರಲ್ಲಿ ಬರುವುದು ಅಪರೂಪ. ಬಂದರೂ ಅವರಿಗೆ ಏನು ಸಿಗುತ್ತದೆ? ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳದ ಹಾಡಿಗೆ 2024ರಿಂದ ಸ್ಪಾಟಿಫೈ ದುಡ್ಡೇ ಕೊಡುವುದಿಲ್ಲ. ಆ ಸಾವಿರ ದಾಟುವುದು ಹೊಸ ಬ್ಯಾಂಡಿಗೆ ಸಣ್ಣ ಮಾತಲ್ಲ.

ನಾನು ಹುಡುಕುವುದು ಬ್ಯಾಂಡ್‌ಕ್ಯಾಂಪ್‌ನಲ್ಲಿ, ಬ್ಯಾಂಡಿನವರೇ ತಮ್ಮ ಹಾಡು ಮಾರುವ ವೆಬ್‌ಸೈಟು ಅದು. ಅಲ್ಲಿ ಆಲ್ಬಮ್ಮಿನ ಕೆಳಗೆ ಅದನ್ನು ಕೊಂಡವರ ಚಿಕ್ಕ ಚಿಕ್ಕ ಚಿತ್ರ ಇರುತ್ತವೆ. ಒಂದನ್ನು ಒತ್ತಿದರೆ ಆ ಮನುಷ್ಯ ಇನ್ನೇನೇನು ಕೊಂಡಿದ್ದಾನೆ ಅಂತ ತೆರೆದುಕೊಳ್ಳುತ್ತದೆ. ನಿನ್ನ ರುಚಿಯವನು ಒಬ್ಬ ಸಿಕ್ಕರೆ ಅವತ್ತಿನ ರಾತ್ರಿ ಮುಗಿಯಿತು. ಹಾಡು ಕೊಂಡರೆ ಕಂಪನಿ ನೂರಕ್ಕೆ 15 ಇಟ್ಟುಕೊಳ್ಳುತ್ತದೆ. ಪಾವತಿಯ ಖರ್ಚು ಕಳೆದು ಉಳಿದದ್ದು ಬ್ಯಾಂಡಿಗೆ. ಒಂದು ಮಸಾಲೆ ದೋಸೆ ಕಾಫಿಯ ದುಡ್ಡು ಕೊಡು, ಸಾಕು.

ಇನ್ನೊಂದು ದಾರಿ ಇದೆ, ನಿನಗೆ ಇಷ್ಟವಾಗುವ ದಾರಿ. ಡ್ರಮ್ಮರ್ ಹೆಸರು ಹಿಡಿದು ಹೋಗು. ಈ ಊರಲ್ಲಿ ಒಳ್ಳೆ ಡ್ರಮ್ಮರ್ ಒಂದೇ ಬ್ಯಾಂಡಿನಲ್ಲಿ ಇರುವುದಿಲ್ಲ. ಶುಕ್ರವಾರ ಒಂದು ಕಡೆ ಜಾಜ್, ಶನಿವಾರ ಇನ್ನೊಂದು ಕಡೆ ಮೆಟಲ್, ಭಾನುವಾರ ಯಾರದೋ ರೆಕಾರ್ಡಿಂಗ್. ಅವನು ಯಾರ ಯಾರ ಜೊತೆ ಕೂರುತ್ತಾನೆ ಅಂತ ನೋಡಿದರೆ ಊರಿನ ಅರ್ಧ ಬ್ಯಾಂಡುಗಳ ಪರಿಚಯ ಆಗುತ್ತದೆ. ಷೋಗೆ ಹೋದರೆ ಮೊದಲು ನುಡಿಸುವವರ ಹೊತ್ತಿಗೇ ಹೋಗಬೇಕು. ದೊಡ್ಡ ಬ್ಯಾಂಡ್ ಬರುವವರೆಗೆ ಜನ ಬಾಗಿಲ ಹೊರಗೆ ಸಿಗರೇಟು ಸೇದುತ್ತಾ ನಿಂತಿರುತ್ತಾರೆ. ಒಳಗೆ ಮೂರು ಹುಡುಗರು ಜೀವ ಬಿಟ್ಟು ನುಡಿಸುತ್ತಿರುತ್ತಾರೆ.

ನುಡಿಸುವ ಜಾಗಗಳೂ ಬದಲಾಗಿವೆ. ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿದ್ದು ನಿನಗೆ ಗೊತ್ತು. ಅದಕ್ಕೂ ಮೊದಲು, ಲೈವ್ ಸಂಗೀತಕ್ಕೆ ಪೊಲೀಸರ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದಾಗ, ಎಷ್ಟೋ ಪಬ್‌ಗಳಲ್ಲಿ ಲೈವ್ ನಿಂತೇ ಹೋಗಿತ್ತು. ಈಗ ಕೋರಮಂಗಲದ ಫ್ಯಾಂಡಮ್ ಇದೆ, ದೊಮ್ಮಲೂರಿನ ಇಂಟರ್‌ನ್ಯಾಷನಲ್ ಸೆಂಟರ್ ಇದೆ, ಜೆ.ಪಿ. ನಗರದಲ್ಲಿ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂ ಇದೆ. ಉಳಿದಂತೆ ಕೆಫೆ, ಟೆರೇಸು, ಯಾರದೋ ಮನೆಯ ಹಾಲ್.

ಅಂಥ ಒಂದು ಟೆರೇಸಿನ ವಿಷಯವನ್ನೇ ಬರೆಯಬೇಕು ಅಂತ ಕೂತಿದ್ದೆ. ಉಳಿದದ್ದೆಲ್ಲ ಪೀಠಿಕೆ.

ಬಸವನಗುಡಿಯ ಹಳೇ ಮನೆ. ಮೇಲೆ ತೆಂಗಿನ ಗರಿ, ಕೆಳಗೆ ಚಾಪೆ. ಬ್ಯಾಂಡಿಗೆ ಇನ್ನೂ ಹೆಸರೇ ಇಟ್ಟಿಲ್ಲ. ಗಿಟಾರ್ ಹಿಡಿದು ಹಾಡುವ ಹುಡುಗಿ, ಬೇಸ್ ನುಡಿಸುವ ಹುಡುಗ, ಕಹೋನ್ ಅನ್ನುವ ಬಡಿಯುವ ಮರದ ಪೆಟ್ಟಿಗೆಯ ಮೇಲೆ ಕೂತ ಇನ್ನೊಬ್ಬ. ಅವಳು ಸಾಹಿತ್ಯವನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಳು. ಸ್ಕ್ರೀನ್ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತ್ತು. ಅದು ಆರಿಹೋಗದ ಹಾಗೆ ಪ್ರತಿ ಚರಣದ ಮಧ್ಯೆ ಹೆಬ್ಬೆರಳಿನಿಂದ ಒಮ್ಮೆ ತಟ್ಟಿ, ಗಿಟಾರಿನ ಮುಂದಿನ ಕಾರ್ಡಿಗೆ ಸರಿಯಾಗಿ ವಾಪಸ್ ಬರುತ್ತಿದ್ದಳು. ಒಂದು ಸಲವೂ ತಾಳ ತಪ್ಪಲಿಲ್ಲ. ನಾನು ಹಾಡಿಗಿಂತ ಮೊದಲು ಆ ಹೆಬ್ಬೆರಳಿಗೆ ಸೋತೆ.

ಹಾಡು ಯಾವುದರ ಬಗ್ಗೆ ಗೊತ್ತಾ? ಬಾಡಿಗೆ ಮನೆ ಖಾಲಿ ಮಾಡುವುದರ ಬಗ್ಗೆ. ಹತ್ತು ತಿಂಗಳ ಅಡ್ವಾನ್ಸು, ಅದರಲ್ಲಿ ಪೇಂಟಿಂಗಿಗೆ ಅಂತ ಒಂದು ತಿಂಗಳದ್ದು ಕಟ್. ಗೋಡೆಗೆ ಹೊಡೆದ ಮೊಳೆಗಳನ್ನು ಓನರ್ ಆಂಟಿ ಎಣಿಸುತ್ತಾರೆ. ಈ ಹುಡುಗಿ ಆ ಮೊಳೆಗಳಲ್ಲಿ ಯಾವುದಕ್ಕೆ ಏನು ನೇತುಹಾಕಿದ್ದೆ ಅಂತ ಒಂದೊಂದಾಗಿ ಹೇಳಿಕೊಳ್ಳುತ್ತಾಳೆ. ಕ್ಯಾಲೆಂಡರು, ಹೆಲ್ಮೆಟ್ಟು, ಯಾರೋ ಬಿಟ್ಟುಹೋದ ಜರ್ಕಿನ್. ಅಷ್ಟೇ ಹಾಡು. ಚಂದ್ರ ಬರಲಿಲ್ಲ, ಕೋಗಿಲೆ ಬರಲಿಲ್ಲ. ನಾವು ದಿನಾ ಆಡುವ ಕನ್ನಡ.

ಯಾಕೆ ಇಷ್ಟೊಂದು ತಟ್ಟಿತು ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ.

ನೋಡು, ಸಿನಿಮಾ ಬಿಟ್ಟು ಹಾಡು ಕೇಳುವುದು ನಮಗೆ ಹೊಸದೇನಲ್ಲ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗಿನಿಂದ ಮನೆಮನೆಯಲ್ಲೂ ಭಾವಗೀತೆ ಇದೆ. ಆದರೆ ಅಲ್ಲಿ ಬರೆಯುವವರು ಕವಿಗಳು, ರಾಗ ಹಾಕುವವರು ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಅಂಥವರು, ಎಷ್ಟೋ ಸಲ ಹಾಡುವವರು ಮತ್ತೊಬ್ಬರು. ಮಾತು ಒಬ್ಬರದು, ದನಿ ಇನ್ನೊಬ್ಬರದು. ಅದು ದೊಡ್ಡ ಪರಂಪರೆ, ನಾನು ಬೆಳೆದದ್ದೇ ಅದರಲ್ಲಿ. ಆದರೆ ಬ್ಯಾಂಡ್ ಅಂದರೆ ಬೇರೆ. ಬರೆದವನೇ ಮೈಕಿನ ಮುಂದೆ ನಿಂತಿರುತ್ತಾನೆ. ತನ್ನ ಮಾತಿಗೆ ತಾನೇ ಜವಾಬ್ದಾರ.

ನಮ್ಮ ಬ್ಯಾಂಡುಗಳು ಕನ್ನಡಕ್ಕೆ ಬಂದಾಗ ಹೆಚ್ಚಾಗಿ ಷರೀಫರ ಹತ್ತಿರ ಹೋದವು. ನೀನೀಗ ಇರುವ ಊರಿಂದ ಶಿಶುನಾಳ ಎಷ್ಟು ದೂರ, ಹೇಳು? ರಘು ದೀಕ್ಷಿತ್ 2008ರ ಮೊದಲ ಆಲ್ಬಮ್ಮಿನಿಂದ ಆ ತತ್ವಪದಗಳನ್ನು ಕಾಲೇಜು ಹುಡುಗರ ಬಾಯಿಗೆ ತಂದರು. ಪಂಚೆ ಉಟ್ಟು ಲಂಡನ್ನಿನ ವೇದಿಕೆಯಲ್ಲೂ ಹಾಡಿದರು. ಅದಕ್ಕೆ ನಾನು ಯಾವತ್ತೂ ಋಣಿ. ನಾವಿಬ್ಬರೂ ಗುಂಪಿನಲ್ಲಿ ಕುಣಿದವರೇ. ಆದರೆ ಷರೀಫರು 1889ರಲ್ಲಿ ತೀರಿಕೊಂಡವರು. ಅವರು ತಮ್ಮ ಕಾಲದ ಹುಕ್ಕಾ, ಸೋರುವ ಮಾಳಿಗೆ, ಕೋಡಗನ ಕೋಳಿಯನ್ನೇ ಹಾಡಾಗಿಸಿದರು. ನಮ್ಮ ಕಾಲದ ಸೋರುವ ಮಾಳಿಗೆಯನ್ನು ನಾವು ಹಾಡಬೇಕಲ್ವಾ?

ಥರ್ಮಲ್ ಅಂಡ್ ಎ ಕ್ವಾರ್ಟರ್ ನೆನಪಿದೆಯಾ? 1996ರಲ್ಲಿ ಕ್ರೈಸ್ಟ್ ಕಾಲೇಜಿನಲ್ಲಿ ಹುಟ್ಟಿದ ಬ್ಯಾಂಡ್. 2012ರಲ್ಲಿ ಆಟೋದವರ 'ಮೀಟರ್ ಮೇಲೆ ಒನ್ ಅಂಡ್ ಹಾಫ್' ಅನ್ನುವ ಮಾತನ್ನೇ ಹಾಡು ಮಾಡಿದರು. ಇಂಗ್ಲಿಷಿನಲ್ಲಿ ಹಾಡುವ ಬ್ಯಾಂಡಿಗೆ ಊರಿನ ಆ ಮಾತು ಕೇಳಿಸಿತು. ಈಗ ಕನ್ನಡದಲ್ಲಿ ಆ ಕೆಲಸವನ್ನು ಜಾಸ್ತಿ ಮಾಡುತ್ತಿರುವುದು ರ‍್ಯಾಪ್ ಹುಡುಗರು, ಹುಡುಗಿಯರು. ಬೀದಿ ಹೆಸರು, ಬಸ್ ನಂಬರು, ಬೈಗುಳ, ಎಲ್ಲ ಅವರ ಹಾಡಿನಲ್ಲಿದೆ. ನಿನಗೆ ರ‍್ಯಾಪ್ ಆಗಲ್ಲ ಅಂತ ಗೊತ್ತು. ಆದರೂ ಕೇಳು. ಪ್ರಾಸ ಕೂರಿಸುವುದರಲ್ಲಿ ಅವರು ತೋರಿಸುವ ಶ್ರದ್ಧೆ ಇವತ್ತು ಗಿಟಾರ್ ಹಿಡಿದವರಲ್ಲಿ ಕಡಿಮೆ.

ಆ ಟೆರೇಸಿನಲ್ಲಿ ಖುಷಿಯಾಯಿತು ಅಂತ ಬರೆದು ಮುಗಿಸಬಹುದಿತ್ತು. ಖುಷಿ ನಿಜ. ಅದರ ಹಿಂದೆಯೇ ಹೊಟ್ಟೆಯಲ್ಲಿ ಏನೋ ಹಿಡಿದುಕೊಂಡಿತು. ಮೆಟ್ರೋದಲ್ಲಿ ಮನೆಗೆ ಬರುವವರೆಗೂ ಬಿಡಲಿಲ್ಲ.

ನಾನೂ ಬರೆಯುತ್ತಿದ್ದೇನೆ ಕಣೋ. ನೀನು ಹೋದ ಮೇಲೂ ಬಿಟ್ಟಿಲ್ಲ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಮನೆ ಖಾಲಿ ಮಾಡುವ ಹಾಡು ನನ್ನ ಪುಸ್ತಕದಲ್ಲೂ ಒಂದಿದೆ. ಅದರಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಇಳಿಯುವ ನೀನಿದ್ದೀಯ. ಅವಳ ಹಾಡು ಕೇಳುವಾಗ ನನ್ನ ಸಾಲುಗಳು ಒಂದೊಂದಾಗಿ ಎದ್ದು ಬಂದವು. ಅವಳದಕ್ಕೆ ರಾಗ ಇತ್ತು, ಅವಳ ಪಕ್ಕದಲ್ಲಿ ಇಬ್ಬರು ಇದ್ದರು. ನನ್ನವು ನಾಲ್ಕು ಮಾತ್ರೆಯ ಲೆಕ್ಕದಲ್ಲಿ ಮೌನವಾಗಿ ಬಿದ್ದಿವೆ. ಆ ಲೆಕ್ಕ ಕೂಡ ನೀನು ಊಟದ ಮೇಜಿನ ಮೇಲೆ ಬೆರಳಲ್ಲಿ ಬಡಿಯುತ್ತಿದ್ದ ಲೆಕ್ಕ. ಬರೆಯಲು ಕೂತರೆ ಇವತ್ತಿಗೂ ಅದೇ ಕೇಳಿಸುತ್ತದೆ.

ನಿನಗೆ ಲಿಂಕ್ ಕಳಿಸುವಾಗೆಲ್ಲ 'ನನ್ನದೂ ಒಂದಿದೆ, ನೋಡ್ತೀಯಾ' ಅನ್ನುವುದು ಬೆರಳ ತುದಿಗೆ ಬಂದು ನಿಲ್ಲುತ್ತದೆ. ಪರ್ವಾಜ್ ಕೇಳು, ಅಗಂ ಕೇಳು ಅನ್ನುವುದು ಸುಲಭ. ಅವರು ಚೆನ್ನಾಗಿದ್ದಾರೆ ಅಂತ ಎಲ್ಲರಿಗೂ ಗೊತ್ತು. ನನ್ನದನ್ನು ಕಳಿಸಿದ ಮೇಲೆ ನೀನು ಅದಕ್ಕೂ ಒಂದು ಹಾರ್ಟ್ ಒತ್ತಿ ಸುಮ್ಮನಾದರೆ? ಆ ಹೆದರಿಕೆ ನನಗಿದೆ. ಊರೆಲ್ಲ ಹೊಸ ಬ್ಯಾಂಡ್ ಹುಡುಕಿಕೊಂಡು ತಿರುಗುವುದರಲ್ಲಿ ಸಂಗೀತದ ಹುಚ್ಚು ಎಷ್ಟು, ನಮ್ಮದೇ ಬ್ಯಾಂಡು ಎಲ್ಲಾದರೂ ಮತ್ತೆ ಸಿಗಬಹುದಾ ಅನ್ನುವ ಆಸೆ ಎಷ್ಟು, ಬೇರೆ ಮಾಡಿ ಹೇಳಲಾರೆ.

ಸಾಕು. ಇಷ್ಟು ಬರೆಯಬೇಕು ಅಂತ ಇರಲಿಲ್ಲ. ನಿಮ್ಮಮ್ಮ ಇದನ್ನು ಓದಿ ನನಗೆ ಫೋನ್ ಮಾಡುತ್ತಾರೆ, ಊಟ ಸರಿಯಾಗಿ ಮಾಡ್ತಿದ್ದೀಯಾ ಅಂತ ಕೇಳುತ್ತಾರೆ. ಮಾಡ್ತಿದ್ದೀನಿ ಅಮ್ಮಾ. ಉಪ್ಪಿನಕಾಯಿ ಮಾತ್ರ ಮುಗಿದಿದೆ.

ಕೆಲಸದ ಮಾತಿಗೆ ಬರುತ್ತೇನೆ. ಮೊದಲು 'ಬಾರಾನ್', ರಾತ್ರಿ, ದೀಪ ಆರಿಸಿ. ಅಗಂ ಅನ್ನು ಭಾನುವಾರ ಬೆಳಿಗ್ಗೆ, ದನಿ ಜೋರಾಗಿ ಇಟ್ಟು. ಪಕ್ಕದ ಮನೆಯವರು ಬಂದರೆ ಕೂರಿಸಿ ಕಾಫಿ ಕೊಡು. ಆ ಟೆರೇಸಿನ ಬ್ಯಾಂಡಿನವರು ಇನ್ನೂ ರೆಕಾರ್ಡ್ ಮಾಡಿಲ್ಲ. ಮಾಡಿದ ದಿನವೇ ಕಳಿಸುತ್ತೇನೆ. ಅವರು ಬ್ಯಾಂಡಿಗೆ ಹೆಸರು ಹುಡುಕುತ್ತಿದ್ದಾರೆ, ನನ್ನನ್ನೂ ಕೇಳಿದರು. ನಮ್ಮ ಹಳೇ ಹೆಸರು ಬಾಯಿಗೆ ಬಂದಿತ್ತು, ಕೊಡಲಿಲ್ಲ. ಅದು ನಮಗೇ ಇರಲಿ. ನೀನು ಬೇರೆ ಒಂದು ಯೋಚಿಸು. 'ಹಸಿ ಮೆಣಸಿನಕಾಯಿ ಬ್ರದರ್ಸ್' ಮಾತ್ರ ಹೇಳಬೇಡ.

ಡಿಸೆಂಬರಿನಲ್ಲಿ ರಜೆ ಹಾಕಿ ಬಾ. ಈ ಸಲ ಮದುವೆ, ಮುಂಜಿ ಯಾವುದೂ ಬೇಡ. ನಾಲ್ಕು ದಿನ, ಸುಮ್ನೆ. ಬರುವಾಗ ಧಾರವಾಡ ಪೇಡ ಬೇಡ, ನಿನ್ನ ಕಹೋನ್ ತಗೊಂಡು ಬಾ. ಅದನ್ನು ಮಾರಿಲ್ಲ ತಾನೇ?

ನಿನ್ನ,
ಮುಕ್ಕಾಲು ಸ್ವರ