ಹಡಗು ಕಾಯುವುದಿಲ್ಲ

ಮಾನ್ಯ ಸಂಪಾದಕರೇ,

ಕ್ರೂಸ್ ಪ್ರಯಾಣದಲ್ಲಿ ಕೊಚ್ಚಿಯಲ್ಲಿ ಇಳಿದು, ತಾವೇ ಟ್ಯಾಕ್ಸಿ ಮಾಡಿಕೊಂಡು ಕರಾವಳಿ ಸುತ್ತುವ ಬೆಂಗಳೂರಿಗರ ಗಮನಕ್ಕೆ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಖಾಸಗಿಯಾಗಿ ಹೋದವರಿಗೆ ಕಾಯುವುದಿಲ್ಲ. ಹೊರಡುವ ಸಮಯ ಬೇರೆ, ಎಲ್ಲರೂ ಹಡಗು ಹತ್ತಿ ಆಗಿರಬೇಕಾದ ಸಮಯ ಬೇರೆ. ಎರಡನೆಯದು ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಇರುತ್ತದೆ, ಎಡವುವುದು ಇಲ್ಲೇ. ಅದಕ್ಕೂ 2 ಗಂಟೆ ಮೊದಲೇ ಬಂದರಿನ ಗೇಟಿನಲ್ಲಿರಿ.

ಕೊಚ್ಚಿಯಿಂದ ಆಲಪ್ಪುಳ ಸುಮಾರು 55 ಕಿ.ಮೀ. ದಾರಿಯಲ್ಲಿ ಸಿಗುವ ಅರೂರಿನ ಬಳಿ ವಾಹನ ಸಿಲುಕಿದರೆ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ದೂರದ್ದು ಮೊದಲು, ಫೋರ್ಟ್ ಕೊಚ್ಚಿಯ ಚೀನೀ ಮೀನುಬಲೆಗಳು ಕೊನೆಗೆ. ಮಟ್ಟಾಂಚೇರಿಯ ಯಹೂದಿ ಪ್ರಾರ್ಥನಾ ಮಂದಿರ (ಸಿನಗಾಗ್) ಶನಿವಾರ ತೆರೆಯದು. ಹಡಗಿನ ಕಾರ್ಡ್, ಗುರುತಿನ ಚೀಟಿ, ಬಂದರು ಏಜೆಂಟರ (ಹಡಗಿನ ಸ್ಥಳೀಯ ಪ್ರತಿನಿಧಿಯ) ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ. ಬಾಡಿಗೆಯ ಬಾಕಿ ಹಣವನ್ನು ಗೇಟಿಗೆ ಮರಳಿದ ಮೇಲೆಯೇ ಕೊಡಿ.

– ಓದುಗ, ಬೆಂಗಳೂರು